ಥೇಮ್ಸ್ ನದಿಯ ಒಂದು ಉಗಿಹಡಗು

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಇಂಗ್ಲೆಂಡಿನ ನದಿಗಳ ಮೇಲೆ ಜನರನ್ನು ಸಾಗಿಸುತ್ತಿದ್ದ ಅನೇಕ ಹಡಗುಗಳಿಗೆ ಇಕ್ಕೆಲದಲ್ಲಿಯೂ ದೊಡ್ಡ ಗಾಲಿಗಳಿದ್ದವು. ಗಾಲಿಯ ಅಂಚಿಗೆ ಹುಟ್ಟಿನಂತಹ ಹಲಗೆಗಳನ್ನು ಜೋಡಿಸಿ ಉಗಿಯಂತ್ರದಿಂದ ತಿರುಗಿಸುವರು. ಹಲಗೆ ನೀರನ್ನು ಹಿಂದಕ್ಕೆ ತಳ್ಳಿದಂತೆ ಹಡಗು ಮುಂದಕ್ಕೆ ಸಾಗುವುದು. ಇದನ್ನು ಕೆಲವರು ‘ಧೂಮನೌಕೆ’ ಎಂದು ಬರೆಯುವುದುಂಟು. ನಡೆಸುವುದು ಉಗಿಯೇ ಹೊರತು ಹೊಗೆಯಲ್ಲವಾದುದರಿಂದ ‘ಉಗಿಹಡಗು’ ಎಂಬ ಮಾತೇ ಮೇಲು. ಆಳವಿಲ್ಲದ ನೀರಿನಲ್ಲಿ ಓಡಾಡುವುದಕ್ಕೂ ಕಟ್ಟೆಯ ಬಳಿ ಬೇಗನೆ ನಿಲ್ಲುವುದಕ್ಕೂ ಇದು ತಕ್ಕುದಾಗಿತ್ತು.

‘ಪ್ರಿನ್ಸೆಸ್ ಆಲಿಸ್’ ಅಂತಹುದೊಂದು ಹಡಗು. 1865ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ಕಿನಲ್ಲಿ ನಿರ್ಮಿತವಾದಾಗ ಅದರ ಹೆಸರು ‘ಬ್ಯೂಟ್’. ಉದ್ದ ಸುಮಾರು 219 ಅಡಿ. ಅಗಲ 20 ಅಡಿ ಮಾತ್ರ. ವೆಮಿಸ್ ಬೇ ಎಂಬಲ್ಲಿ ರೈಲಿನಿಂದ ಇಳಿದವರನ್ನು ಬ್ಯೂಟ್ ದ್ವೀಪದ ರಾಥ್‌ಸೇ ಊರಿಗೆ ದಾಟಿಸುವುದೇ ಅದರ ಮೊದಲ ಕಾಯಕ. 1867ರಲ್ಲಿ ಲಂಡನ್ನಿಗೆ ಮಾರಾಟವಾಗಿ ರಾಣಿಯ ಮಗಳ ಹೆಸರನ್ನು ಹೊತ್ತಿತು. 1873ರಲ್ಲಿ ಪರ್ಷಿಯಾದ ಷಹ ಅದರಲ್ಲಿ ಪಯಣಿಸಿದುದರಿಂದ ಜನರು ಅದನ್ನು ‘ಷಹನ ಹಡಗು’ ಎಂದೂ ಕರೆದರು.

ಲಂಡನ್ ಸೇತುವೆಯ ಬಳಿಯಿಂದ ಹೊರಟು, ದಾರಿಯ ಕಟ್ಟೆಗಳಲ್ಲಿ ಜನರನ್ನು ಇಳಿಸುತ್ತ ಹತ್ತಿಸಿಕೊಳ್ಳುತ್ತ, ಗ್ರೇವ್ಸೆಂಡ್, ಷೀರ್‌ನೆಸ್‌ಗಳ ತನಕ ಹೋಗಿ ಸಂಜೆಗೆ ಮರಳುವುದು ಅದರ ದಿನಚರಿ. ಒಂದೇ ಒಡೆತನದ ಯಾವ ಹಡಗಿನಲ್ಲಾದರೂ ಒಂದೇ ಚೀಟಿ ನಡೆಯುತ್ತಿತ್ತು. ಪಯಣಿಗರ ಪಟ್ಟಿಯನ್ನು ಯಾರೂ ಬರೆಯುತ್ತಿರಲಿಲ್ಲ. ಗ್ರೇವ್ಸೆಂಡಿನವರೆಗೆ 936 ಜನರನ್ನು ಒಯ್ಯಲು ಸರ್ಕಾರದ ಅನುಮತಿಯಿತ್ತು. ಜೀವರಕ್ಷಕ ದೋಣಿಗಳಾದರೋ ಎರಡೇ!

1878ರ ಸೆಪ್ಟೆಂಬರ್ 3ರ ಸಂಜೆ ಆ ಹಡಗು ಇಳಿತದ ಸೆಳೆತಕ್ಕೆ ಎದುರಾಗಿ ಲಂಡನ್ನಿಗೆ ಮರಳುತ್ತಿತ್ತು. ಎದುರುಬದುರಾಗಿ ಬರುವ ಹಡಗುಗಳು ತಂತಮ್ಮ ಎಡಮಗ್ಗುಲನ್ನು ಪರಸ್ಪರ ತೋರಿಸಿ ಹಾಯಬೇಕೆಂಬ ನಿಯಮವು 1872ರಿಂದಲೇ ಇದ್ದಿತು. ಆದರೆ ಸೆಳೆತ ಕಡಿಮೆಯಿರುವ ದಂಡೆಯನ್ನು ಹಿಡಿದು ಸಾಗುವುದು ನದಿಯವರ ಹಳೆಯ ರೂಢಿ. ನಾಯಕ ವಿಲಿಯಂ ಗ್ರಿನ್‌ಸ್ಟೆಡ್ ರೂಢಿಯಂತೆ ದಕ್ಷಿಣದ ದಂಡೆಯತ್ತ ತಿರುಗಿಸಿದನು. ಕಲ್ಲಿದ್ದಲು ಸಾಗಿಸುವ ‘ಬೈವೆಲ್ ಕ್ಯಾಸಲ್’ ಎಂಬ ಭಾರಿ ಹಡಗು ಎದುರಿನಿಂದ ಬಂದು ಅದರ ಬಲಮಗ್ಗುಲನ್ನು ಗಾಲಿಯ ಮುಂಭಾಗದಲ್ಲಿ ಸೀಳಿತು. ನಾಲ್ಕು ನಿಮಿಷಗಳಲ್ಲಿ ‘ಪ್ರಿನ್ಸೆಸ್ ಆಲಿಸ್’ ಮುಳುಗಿತು.

ಬಾರ್ಕಿಂಗ್ ಮತ್ತು ಕ್ರಾಸ್‌ನೆಸ್ ಎಂಬೆಡೆಗಳಲ್ಲಿ ನಗರದ ಕೊಳಚೆಯೆಲ್ಲ ನದಿಗೆ ಸೇರುತ್ತಿದ್ದುದು ಅಲ್ಲಿಯೇ ಸಮೀಪದಲ್ಲಿ. ನೀರಿಗೆ ಬಿದ್ದವರಿಗೆ ಉಸಿರಾಡಲೂ ಕಷ್ಟವಾಯಿತು. ನೆರಿಗೆ ನೆರಿಗೆಯ ಭಾರವಾದ ಉಡುಪಿನ ಹೆಂಗಸರ ಪಾಡನ್ನು ಹೇಳಲೇಬೇಕಾಗಿಲ್ಲ. ಬದುಕಿ ಉಳಿದವರು ಸುಮಾರು 130 ಜನ. ಸತ್ತವರು 600ರಿಂದ 700 ಎಂದಷ್ಟೇ ಇಂದಿಗೂ ಹೇಳುತ್ತಾರೆ. ಎಣಿಕೆಯಿಲ್ಲದೆ ಹತ್ತಿಸಿಕೊಂಡ ಜನರನ್ನು ಮುಳುಗಿದ ಮೇಲೆ ಎಣಿಸುವುದೆಂತು? ಹಸುಳೆಗಳೆಷ್ಟೋ! ಗುರುತು ಸಿಗದ 120 ಮಂದಿಯನ್ನು ವುಲ್ವಿಚ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. 23,000ಕ್ಕೂ ಹೆಚ್ಚು ಜನರು ಆರಾರು ಪೆನ್ಸ್ ಕೊಟ್ಟು ಅಲ್ಲಿ ಕಲ್ಲಿನ ಶಿಲುಬೆಯೊಂದನ್ನು ನಿಲ್ಲಿಸಿದರು.

ನದಿಯಿಂದ ಎತ್ತಿದ ಹಡಗನ್ನು ಅದರ ಒಡೆಯರೇ 350 ಪೌಂಡಿಗೆ ಕೊಂಡು, ಯಂತ್ರಗಳನ್ನು ಬಿಚ್ಚಿಕೊಂಡು, ಉಳಿದುದನ್ನು ಗುಜರಿಗೆ ಹಾಕಿದರು.