ಫಲಿಸಿದ ಪ್ರಾರ್ಥನೆಯೂ ಈಶ್ವರಾಸ್ತಿತ್ವದ ಪ್ರಮಾಣವೂ

ಹಳೆಯ ದೇವಾಲಯವೊಂದನ್ನು ಜೀರ್ಣೋದ್ಧಾರಕ್ಕಾಗಿ ಬಿಚ್ಚುವಾಗ ಗೋಡೆಯ ಕಲ್ಲುಗಳೊಡನೆ ಮತ್ತೊಂದು ಸಂಪತ್ತೂ ಹೊರಬರುತ್ತದೆ. ಕಣ್ಣುಬೇನೆ ವಾಸಿಯಾದವರು ಅರ್ಪಿಸಿದ ಬೆಳ್ಳಿಯ ಕಣ್ಣುಗಳು, ಸಂತಾನಭಾಗ್ಯ ಪಡೆದವರು ಕಟ್ಟಿದ ತೊಟ್ಟಿಲುಗಳು, ಸಂಕಟ ಕಳೆದವರು ತೂಗಿಸಿದ ಗಂಟೆಗಳು, ಹೆಸರು ಕೊರೆಸಿದ ಮೆಟ್ಟಿಲುಗಳು, ಇವೆಲ್ಲವೂ ಒಂದೇ ಮಾತನ್ನು ಸಾರುತ್ತವೆ: "ಬೇಡಿದೆವು, ಕೊಟ್ಟನು, ಆದಕಾರಣ ಅವನಿದ್ದಾನೆ." ಕೃಷ್ಣಾ ತುಂಗಭದ್ರೆಯರ ನಡುವಣ ನಮ್ಮ ಗದ್ವಾಲ ಸೀಮೆಯಲ್ಲಿ ಕನ್ನಡ ನುಡಿಯುವವರಿಗೂ ತೆಲುಗು ನುಡಿಯುವವರಿಗೂ ಇದೇ ಶಾಸ್ತ್ರ, ಇದೇ ತರ್ಕ. ಈ ತರ್ಕವು ಎಷ್ಟು ದೂರ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಆಸ್ತಿಕರಾದ ನಾವೇ ವಿಚಾರಿಸುವುದು ಯುಕ್ತ. ಚಿನ್ನವನ್ನು ಒರೆಗೆ ಹಚ್ಚಲು ಅಂಜುವವನಿಗೆ ತನ್ನ ಚಿನ್ನದಲ್ಲಿಯೇ ನಂಬಿಕೆಯಿಲ್ಲವೆಂದಾಗುತ್ತದೆ.

೧. ಪ್ರಮಾಣವೆಂದರೇನು?

ಯಥಾರ್ಥವಾದ ಜ್ಞಾನಕ್ಕೆ ಸಾಧನವಾದುದು ಪ್ರಮಾಣ. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಅದನ್ನು ಮೂರಾಗಿ ಎಣಿಸುವುದು ಶ್ರೀಮಧ್ವಾಚಾರ್ಯರ ಸಂಪ್ರದಾಯ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಜಗತ್ತೆಂಬ ಕಾರ್ಯವನ್ನು ಕಂಡು ಕರ್ತನಾದ ಈಶ್ವರನನ್ನು ಊಹಿಸಬಹುದೆಂದು ಹತ್ತನೆಯ ಶತಮಾನದ ನೈಯಾಯಿಕ ಉದಯನಾಚಾರ್ಯರು ತಮ್ಮ 'ನ್ಯಾಯಕುಸುಮಾಂಜಲಿ'ಯಲ್ಲಿ ಸಾಧಿಸಿದರು. ಮಧ್ವಾಚಾರ್ಯರಾದರೋ ಕೇವಲ ಅನುಮಾನದ ಬಲದಿಂದ ಭಗವಂತನನ್ನು ಸ್ಥಾಪಿಸಲಾಗದು, ಆತನು ಸದಾಗಮಗಳಿಂದಲೇ ಜ್ಞೇಯನು ಎಂದು 'ವಿಷ್ಣುತತ್ತ್ವವಿನಿರ್ಣಯ'ದಲ್ಲಿ ನಿರ್ಣಯಿಸಿದರು. ಊಹೆಯಿಂದ ಕಟ್ಟಿದುದನ್ನು ಮತ್ತೊಂದು ಊಹೆಯಿಂದ ಕೆಡವಬಹುದೆಂಬುದೇ ಇದರ ಮರ್ಮ.

ಆದುದರಿಂದ "ನನ್ನ ಪ್ರಾರ್ಥನೆ ಫಲಿಸಿತು, ಆದಕಾರಣ ದೇವರಿದ್ದಾನೆ" ಎಂಬ ವಾಕ್ಯವು ಅನುಮಾನದ ರೂಪದಲ್ಲಿರುವಷ್ಟು ಕಾಲ ನಮ್ಮ ಆಚಾರ್ಯರೇ ಅದನ್ನು ಪೂರ್ಣಪ್ರಮಾಣವೆಂದು ಒಪ್ಪುವುದಿಲ್ಲ. ಹಾಗಾದರೆ ಆ ಅನುಭವಕ್ಕೆ ಬೆಲೆಯೇ ಇಲ್ಲವೆ? ಉಂಟು. ಅದು ಯಾವ ಬೆಲೆಯೆಂಬುದನ್ನು ನಮ್ಮ ನೆಲದಲ್ಲಿಯೇ ನಡೆಯಿತೆಂದು ನಂಬಲಾದ ಒಂದು ಪ್ರಸಂಗದಿಂದ ತಿಳಿಯೋಣ.

೨. ನಮ್ಮ ಸೀಮೆಯ ಒಂದು ಸಾಕ್ಷ್ಯ

ಗದ್ವಾಲದ ನೆರೆಯ ಉತ್ತನೂರು ಶ್ರೀ ಗೋಪಾಲದಾಸರು ವಾಸವಾಗಿದ್ದ ಪುಣ್ಯಸ್ಥಳ. ಇಂದಿನ ರಾಯಚೂರು ಜಿಲ್ಲೆಯ ಮೊಸರಕಲ್ಲಿನಲ್ಲಿ ಜನಿಸಿದ ಅವರ ಪೂರ್ವದ ಹೆಸರು ಭಾಗಣ್ಣ. ಗುರುಗಳು ಚೀಕಲಪರವಿಯ ಶ್ರೀ ವಿಜಯದಾಸರು. ಅದೇ ಕಾಲದಲ್ಲಿ ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಮಹಾವಿದ್ವಾಂಸರಿದ್ದರು. ಸಂಸ್ಕೃತದಲ್ಲಿ ಪಾರಂಗತರಾದ ಅವರಿಗೆ ಕನ್ನಡದ ಪದಗಳನ್ನು ಹಾಡುತ್ತ ಊರೂರು ಅಲೆಯುವ ದಾಸರಲ್ಲಿ ಆದರವಿರಲಿಲ್ಲ. ವಿಜಯದಾಸರು ಭೋಜನಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವವೇ ನಿಜವಾಗಿ, ಅನ್ನ ಸೇರದ ಉದರವ್ಯಾಧಿ ಅವರನ್ನು ಹಿಡಿಯಿತೆಂದು ಸಂಪ್ರದಾಯವು ಹೇಳುತ್ತದೆ. ಔಷಧಗಳು ಸೋತ ಮೇಲೆ ಮಂತ್ರಾಲಯಕ್ಕೆ ಹೋಗಿ ಶ್ರೀ ರಾಘವೇಂದ್ರ ಗುರುಗಳ ಸನ್ನಿಧಿಯಲ್ಲಿ ಮೊರೆಯಿಟ್ಟರು. ಗುರುಗಳು ಸ್ವಪ್ನದಲ್ಲಿ ವಿಜಯದಾಸರ ಬಳಿಗೆ ಕಳುಹಿದರು. ವಿಜಯದಾಸರು ಕ್ಷಮಿಸಿ ಗೋಪಾಲದಾಸರ ಬಳಿಗೆ ಕಳುಹಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಗುರುವಾಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬುದು ಕಥೆ.

ಗೋಪಾಲದಾಸರು ೧೭೬೨ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ಹರಿಪದವನ್ನು ಸೇರಿದರು. ರೋಗಮುಕ್ತರಾದ ಶ್ರೀನಿವಾಸಾಚಾರ್ಯರು ಜಗನ್ನಾಥವಿಠಲನೆಂಬ ಅಂಕಿತವನ್ನು ಧರಿಸಿ, ತಾವು ಹಿಂದೆ ಹಗುರವಾಗಿ ಕಂಡಿದ್ದ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ 'ಹರಿಕಥಾಮೃತಸಾರ'ವನ್ನು ರಚಿಸಿ ೧೮೦೯ರವರೆಗೆ ಬಾಳಿದರು. ಅವರೇ ಶ್ರೀ ಜಗನ್ನಾಥದಾಸರು.

ಇಲ್ಲಿ ಎರಡು ಬಗೆಯ ಸಂಗತಿಗಳನ್ನು ಬೇರ್ಪಡಿಸಬೇಕು. ದಾಸರು ಇದ್ದುದು, ಗ್ರಂಥ ಹುಟ್ಟಿದುದು, ಅದು ಇಂದಿಗೂ ಮನೆಮನೆಯಲ್ಲಿ ಪಾರಾಯಣವಾಗುತ್ತಿರುವುದು, ಇವು ಯಾರೂ ಅಲ್ಲಗಳೆಯಲಾಗದ ಸಂಗತಿಗಳು. ಆಯುಷ್ಯದ ದಾನವು ಶ್ರದ್ಧೆಯಿಂದ ಗ್ರಾಹ್ಯವಾದುದು. ಅದನ್ನು ತೂಗಿ ತೋರಿಸುವ ತಕ್ಕಡಿ ಯಾರಲ್ಲಿಯೂ ಇಲ್ಲ.

೩. ಪೂರ್ವಪಕ್ಷ

ಇನ್ನು ಆಕ್ಷೇಪವನ್ನು ಅದರ ಪೂರ್ಣಬಲದಲ್ಲಿಯೇ ನೋಡೋಣ. ಗ್ರಾಮಲೆಕ್ಕದ ಕೆಲಸ ಮಾಡಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಜಮೆಯ ಕಲಮನ್ನಷ್ಟೇ ಬರೆದು ಖರ್ಚಿನ ಕಲಮನ್ನು ಖಾಲಿ ಬಿಟ್ಟ ಪುಸ್ತಕವನ್ನು ಯಾವ ತನಿಖೆಗಾರನೂ ಒಪ್ಪುವುದಿಲ್ಲ. ಗುಡಿಯ ಬೆಳ್ಳಿಯ ಕಣ್ಣುಗಳು ಜಮೆಯ ಕಲಮು. ಬೇಡಿಯೂ ಕಣ್ಣು ಬಾರದವನು ಯಾವ ಕಲ್ಲಿನಲ್ಲಿ ಹೆಸರು ಕೊರೆಸಿದ್ದಾನೆ? ಪ್ರಾಚೀನ ಗ್ರೀಸಿನ ಡಯಾಗೊರಸನೆಂಬ ನಾಸ್ತಿಕನಿಗೆ, ಹಡಗೊಡೆದಾಗ ಹರಕೆ ಹೊತ್ತು ಬದುಕಿದವರ ಚಿತ್ರಗಳನ್ನು ದೇವಾಲಯದಲ್ಲಿ ತೋರಿಸಿದರಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಅವನು ಕೇಳಿದನಂತೆ. ರೋಮಿನ ಸಿಸೆರೋ ಬರೆದಿಟ್ಟ ಈ ಪ್ರಸಂಗವನ್ನು ೧೬೨೦ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಮನುಷ್ಯಬುದ್ಧಿಯ ಪಕ್ಷಪಾತಕ್ಕೆ ನಿದರ್ಶನವಾಗಿ ಎತ್ತಿಕೊಂಡನು.

ನಮಗೆ ಗ್ರೀಸಿನವರೆಗೆ ಹೋಗುವ ಅಗತ್ಯವೂ ಇಲ್ಲ. ೨೦೦೯ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಕೃಷ್ಣೆಯರು ಉಕ್ಕಿ ಬಂದಾಗ ಕರ್ನೂಲು ನಗರ ಮುಳುಗಿತು; ಮಂತ್ರಾಲಯದ ಮಠದೊಳಗೇ ನೀರು ನುಗ್ಗಿತು. ಆ ರಾತ್ರಿ ಎರಡೂ ನದಿಗಳ ದಂಡೆಯಲ್ಲಿ ದೇವರನ್ನು ಕರೆಯದ ಮನೆಯುಂಟೆ? ಕೆಲವು ಮನೆಗಳು ಉಳಿದವು, ಕೆಲವು ಉಳಿಯಲಿಲ್ಲ.

ಇದಕ್ಕಿಂತ ಹತ್ತಿರದ ಮಾತೊಂದನ್ನು ಹೇಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ನನ್ನ ಮಗನು ಮಿದುಳು ಜ್ವರದಿಂದ ಎಂಟು ದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದನು. ಅದೇ ವಾರ ನಮ್ಮ ಓಣಿಯ ಮತ್ತೊಂದು ಮನೆಯ ಹೆಣ್ಣುಮಗುವೂ ಅದೇ ವ್ಯಾಧಿಯಿಂದ ಅಲ್ಲಿಯೇ ಮಲಗಿತ್ತು. ಎರಡೂ ಮನೆಯ ಹೆಂಗಸರು ಜೊತೆಯಾಗಿಯೇ ವೆಂಕಟರಮಣನಿಗೆ ಮುಡಿಪು ಕಟ್ಟಿದರು. ನನ್ನ ಮಗನು ಒಂಬತ್ತನೆಯ ದಿನ ಕಣ್ಣು ತೆರೆದು ನೀರು ಕೇಳಿದನು. ಆ ಮಗು ತೀರಿಕೊಂಡಿತು. ನಾವು ಮುಡಿಪು ಒಪ್ಪಿಸಿ ಪ್ರಸಾದ ಹಂಚುತ್ತ ಆ ಮನೆಗೆ ಹೋದಾಗ ಆ ತಾಯಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, "ಅಣ್ಣಾ, ನಾನೂ ಅದೇ ಗಂಟು ಕಟ್ಟಿದ್ದೆನಲ್ಲಾ?" ಎಂದಳು. ಫಲಿಸಿದ ಪ್ರಾರ್ಥನೆಯಿಂದ ದೇವರನ್ನು ಸಾಧಿಸಹೊರಟ ಯಾವ ಲೇಖನವೂ ಆ ತಾಯಿಯ ಮುಂದೆ ಓದಲು ಯೋಗ್ಯವಾಗಿರಬೇಕು. ಇಲ್ಲವಾದರೆ ಅದನ್ನು ಬರೆಯದಿರುವುದೇ ಮೇಲು.

ಆಧುನಿಕರು ಈ ವಿಷಯವನ್ನು ಎಣಿಸಿಯೂ ನೋಡಿದ್ದಾರೆ. ೨೦೦೬ರಲ್ಲಿ ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಅವರ ಸಹೋದ್ಯೋಗಿಗಳು ಆರು ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೊಳಗಾದ ೧೮೦೨ ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಪ್ರಾರ್ಥನೆ ಮಾಡಲಾಗುವುದೋ ಇಲ್ಲವೋ ಎಂಬ ಸಂದೇಹದಲ್ಲಿದ್ದವರ ಪೈಕಿ, ಅಪರಿಚಿತ ಭಕ್ತರು ಪ್ರಾರ್ಥಿಸಿದ ರೋಗಿಗಳಲ್ಲಿ ನೂರಕ್ಕೆ ೫೨ ಮಂದಿಗೂ, ಪ್ರಾರ್ಥಿಸದ ರೋಗಿಗಳಲ್ಲಿ ೫೧ ಮಂದಿಗೂ ಚಿಕಿತ್ಸೆಯ ನಂತರ ತೊಡಕುಗಳುಂಟಾದವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ನಿಶ್ಚಯವಾಗಿ ತಿಳಿದಿದ್ದವರಲ್ಲಿ ೫೯ ಮಂದಿಗೆ ತೊಡಕಾಯಿತು. ಪ್ರಾರ್ಥನೆಯಿಂದ ಲಾಭವು ಕಾಣಲಿಲ್ಲ.

೪. ಸಮಾಧಾನ

ಮಧ್ವಮತದಲ್ಲಿ ತತ್ತ್ವಗಳು ಎರಡು: ಸ್ವತಂತ್ರ, ಪರತಂತ್ರ. ಭಗವಂತನೊಬ್ಬನೇ ಸ್ವತಂತ್ರನು. ಗುಂಡಿ ಒತ್ತಿದಾಗಲೆಲ್ಲ ಒಂದೇ ಫಲ ಕೊಡುವುದು ಯಂತ್ರ, ಅದು ಪರತಂತ್ರ. ಆದುದರಿಂದ ಬೆನ್ಸನ್ನರ ಪರೀಕ್ಷೆಯು ಪ್ರಾರ್ಥನೆಯು ಯಂತ್ರವಲ್ಲವೆಂಬುದನ್ನು ತೋರಿಸಿತು, ಮತ್ತು ಇದನ್ನು ಯಾವ ದಾಸರೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಇಲ್ಲಿ ಆಸ್ತಿಕನು ನ್ಯಾಯವಾಗಿ ನಡೆದುಕೊಳ್ಳಬೇಕು. "ಆತನು ಸ್ವತಂತ್ರನು, ಆದುದರಿಂದ ಫಲಿಸದ ಪ್ರಾರ್ಥನೆಗಳನ್ನು ಎಣಿಸಬೇಡಿ" ಎಂದು ಹೇಳುವವನು, ಫಲಿಸಿದವುಗಳನ್ನು ಮಾತ್ರ ಎಣಿಸಿ ಪ್ರತಿವಾದಿಯನ್ನು ಗೆಲ್ಲಲು ಅಧಿಕಾರಿಯಲ್ಲ. ಖರ್ಚನ್ನು ಬರೆಯದ ಪುಸ್ತಕದಲ್ಲಿ ಜಮೆಯೂ ಸಲ್ಲದು.

ಹಾಗಾದರೆ ಉಳಿಯುವುದೇನು? ಮಧ್ವಾಚಾರ್ಯರು 'ಸಾಕ್ಷಿ' ಎಂದು ಕರೆದ ತತ್ತ್ವವು ಉಳಿಯುತ್ತದೆ. ನಮ್ಮ ಸುಖದುಃಖಗಳನ್ನು ಇಂದ್ರಿಯಗಳ ನೆರವಿಲ್ಲದೆ ನೇರವಾಗಿ ತಿಳಿಯುವ, ನಮ್ಮ ಜ್ಞಾನವು ಸರಿಯೋ ತಪ್ಪೋ ಎಂದು ಕಡೆಗೆ ನಿರ್ಣಯಿಸುವ ಆತ್ಮಸ್ವರೂಪವಾದ ಇಂದ್ರಿಯವೇ ಸಾಕ್ಷಿ. ನನಗೆ ಹಲ್ಲುನೋವೆಂಬುದಕ್ಕೆ ನನಗೆ ಪಂಚನಾಮೆ ಬೇಡ. ಆದರೆ ನನ್ನ ನೋವನ್ನು ನಿಮ್ಮ ಕೈಯಲ್ಲಿ ಇಡಲು ನನಗೆ ಸಾಧ್ಯವೂ ಇಲ್ಲ. ಫಲಿಸಿದ ಪ್ರಾರ್ಥನೆಯ ಅನುಭವವೂ ಇಂಥದೇ. ಆಗಮದಿಂದ ತಿಳಿದವನನ್ನು ಅದು ಭಕ್ತನ ಅಂತರಂಗದಲ್ಲಿ ದೃಢಪಡಿಸುತ್ತದೆ. ಆಗಮವನ್ನೇ ಒಪ್ಪದವನಿಗೆ ಅದು ಹಕ್ಕಿನ ಪತ್ರವಾಗುವುದಿಲ್ಲ.

ಮಂತ್ರಾಲಯದಲ್ಲಿ ಪ್ರಸಿದ್ಧವಾದ ಐತಿಹ್ಯವೊಂದು ಇದಕ್ಕೆ ಒಪ್ಪುವಂತಿದೆ. ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿ ಕಡಪಾ ಸೀಮೆಗಳ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇನಾಮಿನ ವಿಚಾರಣೆಗಾಗಿ ಮಠಕ್ಕೆ ಬಂದಾಗ, ೧೬೭೧ರಲ್ಲಿಯೇ ವೃಂದಾವನಸ್ಥರಾಗಿದ್ದ ಗುರುಗಳು ಅವನಿಗೆ ಕಾಣಿಸಿ ಮಾತನಾಡಿದರಂತೆ. ಆದರೆ ಸುತ್ತ ನಿಂತವರಿಗೆ ಗುರುಗಳು ಕಾಣಲೂ ಇಲ್ಲ, ಅವರ ಮಾತು ಕೇಳಿಸಲೂ ಇಲ್ಲ. ಅದನ್ನು ಹೇಳುತ್ತ ಬಂದ ಭಕ್ತರೇ ಆ ದರ್ಶನವು ಒಬ್ಬನ ಅನುಭವವೆಂದು ಹೇಳಿರುವುದು ಗಮನಾರ್ಹ. ಅಮೆರಿಕದ ವಿಲಿಯಂ ಜೇಮ್ಸ್ ೧೯೦೨ರಲ್ಲಿ ಧಾರ್ಮಿಕ ಅನುಭವಗಳನ್ನು ಕುರಿತು ಬರೆದ ಮಹಾಗ್ರಂಥದಲ್ಲಿಯೂ ಬಹುಮಟ್ಟಿಗೆ ಇದೇ ತೀರ್ಮಾನವಿದೆ: ಇಂಥ ಅನುಭವವು ಪಡೆದವನಿಗೆ ಅಧಿಕಾರವಾಣಿ, ಪಡೆಯದವನು ಅದನ್ನು ವಿಚಾರಿಸದೆ ಒಪ್ಪಬೇಕೆಂಬ ಕಟ್ಟಳೆಯಿಲ್ಲ.

ಹಾಗೆಂದು ಈ ಸಾಕ್ಷಿಯು ಪೂರ್ತಿಯಾಗಿ ಒಳಗೇ ಹೂತುಹೋಗುವುದಿಲ್ಲ. ಬೇರು ಕಾಣದಿದ್ದರೂ ಹಣ್ಣು ಕಾಣುತ್ತದೆ. ಜಗನ್ನಾಥದಾಸರ ಹೊಟ್ಟೆನೋವು ಹೋದುದಕ್ಕೆ ವೈದ್ಯನು ಬೇರೆ ಕಾರಣವನ್ನು ಹೇಳಿಯಾನು. ಆದರೆ ನೋವಿನೊಡನೆ ವಿದ್ವಾಂಸನ ಗರ್ವವೂ ಹೋದುದು, ತಾನು ತಿರಸ್ಕರಿಸಿದ ಜನರ ನುಡಿಯಲ್ಲಿಯೇ ಅವರಿಗಾಗಿ ಗ್ರಂಥವನ್ನು ಬರೆದುದು, ಪಡೆದ ವರ್ಷಗಳನ್ನೆಲ್ಲ ಕೊಟ್ಟವನ ಸೇವೆಗೆ ಸಲ್ಲಿಸಿದುದು, ಇವು ಬಯಲಿನಲ್ಲಿ ನಿಂತ ಹಣ್ಣುಗಳು. ಕೇಳಿದುದು ದೊರೆತ ಮೇಲೆ ಬೇಡಿದವನು ಏನಾದನು? ಆಸ್ತಿಕನು ಲೋಕದ ಮುಂದೆ ಇಡಬಹುದಾದ ಸಾಕ್ಷ್ಯವು ಈ ಪ್ರಶ್ನೆಯ ಉತ್ತರದಲ್ಲಿದೆ. ವ್ಯಾಧಿ ವಾಸಿಯಾದ ಮೇಲೂ ಬಡ್ಡಿಯಲ್ಲಿ ಬಡವನನ್ನು ಹಿಂಡುವವನು ಗೋಪುರಕ್ಕೆ ಕಳಸವನ್ನೇ ಕೊಟ್ಟರೂ ಅವನ ಅನುಭವವು ಯಾರಿಗೂ ಏನನ್ನೂ ಸಾಧಿಸಿ ತೋರಿಸಲಾರದು.

೫. ಇದರಿಂದ ನಾವು ಕಲಿಯತಕ್ಕ ಪಾಠ

ಮೊದಲನೆಯದಾಗಿ, ಬೇಡುವುದಕ್ಕೆ ನಾಚಬೇಕಾಗಿಲ್ಲ. ಗೀತೆಯ ಏಳನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನು ಭಜಿಸುವ ನಾಲ್ವರನ್ನು ಎಣಿಸುವಾಗ ಜ್ಞಾನಿಯೊಡನೆ ಆರ್ತನನ್ನೂ ಅರ್ಥಾರ್ಥಿಯನ್ನೂ ಸೇರಿಸಿ, ಎಲ್ಲರನ್ನೂ ಉದಾರರೆಂದೇ ಕರೆದಿದ್ದಾನೆ. ಜೊತೆಗೆ ಔಷಧವನ್ನು ಬಿಡಬಾರದು. ಧನ್ವಂತರಿಯನ್ನು ದೇವರೆಂದು ಪೂಜಿಸುವ ನಾವು ವೈದ್ಯನ ಬಳಿಗೆ ಹೋಗುವುದನ್ನು ಅವಿಶ್ವಾಸವೆಂದು ತಿಳಿಯುವುದು ಅವಿವೇಕ.

ಎರಡನೆಯದಾಗಿ, ಪ್ರಾರ್ಥನೆ ಫಲಿಸದವರಿಗೆ "ನಿಮ್ಮ ಭಕ್ತಿ ಸಾಲದು" ಎಂದು ಎಂದಿಗೂ ಹೇಳಬಾರದು. ಪರರ ಭಕ್ತಿಯನ್ನು ಅಳೆಯುವ ಕೊಳಗ ನಮ್ಮ ಕೈಯಲ್ಲಿಲ್ಲ. ಮೇಲೆ ಹೇಳಿದ ಆ ತಾಯಿ ಮುಂದಿನ ಶ್ರಾವಣದಿಂದ ಪ್ರತಿ ಶನಿವಾರ ಗುಡಿಯ ಅಂಗಳವನ್ನು ಸಾರಿಸುತ್ತ ಬಂದಳು. ಏನನ್ನೂ ಪಡೆಯದೆ ಬಾಗಿದ ಆ ಬೆನ್ನಿನ ಮುಂದೆ, ಪಡೆದು ಬಾಗಿದ ನಮ್ಮ ಭಕ್ತಿಯು ಚಿಕ್ಕದು. ದೇವರ ವಿಷಯವಾಗಿ ಅವಳ ಸಾಕ್ಷ್ಯವನ್ನೂ ಕೇಳದೆ ನಮ್ಮ ಸಾಕ್ಷ್ಯವನ್ನಷ್ಟೇ ಬರೆದರೆ ಲೆಕ್ಕವು ಪೂರ್ಣವಾಗದು.

ಮೂರನೆಯದಾಗಿ, ಪಡೆದುದನ್ನು ಮರೆಯಬಾರದು. ಮರೆಯದಿರುವುದೆಂದರೆ ಕೃತಜ್ಞತೆಯನ್ನು ಕೆಲಸವಾಗಿ ತೋರುವುದು. ಉತ್ತನೂರಿನ ದಾಸರು ಆಯುಷ್ಯವನ್ನೇ ಕೊಟ್ಟರೆಂದು ಹಾಡಿ ಹೊಗಳುವ ನಮ್ಮ ಸೀಮೆಯವರು ಒಂದು ಬಾಟಲಿ ರಕ್ತವನ್ನೋ, ನೆರೆಯ ರೋಗಿಯ ಬಳಿ ಒಂದು ರಾತ್ರಿಯ ಜಾಗರಣೆಯನ್ನೋ ಕೊಡಲು ಹಿಂದೆಗೆದರೆ ಆ ಕಥೆಯು ನಮ್ಮಲ್ಲಿ ಸುಳ್ಳಾಗುತ್ತದೆ.

ಜೀರ್ಣವಾದ ಗುಡಿಯು ಭಕ್ತಜನರ ಸಹಾಯದಿಂದ ಹೊಸದಾಗಿ ನಿಲ್ಲುತ್ತಿರುವ ಈ ಶುಭಕಾಲದಲ್ಲಿ, ಹರಕೆ ತೀರಿದವರ ಕಾಣಿಕೆಯೂ ತೀರದವರ ಕಾಣಿಕೆಯೂ ಒಂದೇ ಗಾರೆಯಲ್ಲಿ ಬೆರೆತಿವೆ. ಇಬ್ಬರೂ ನಿಲ್ಲಲು ಈ ಮಂಟಪದಲ್ಲಿ ಎಂದೆಂದಿಗೂ ಸಮನಾದ ಸ್ಥಳವಿರಲಿ ಎಂದು ಪ್ರಾರ್ಥಿಸಿ ಈ ಅಲ್ಪ ಲೇಖನವನ್ನು ಮುಗಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.