ತೈಲಬಾವಿಯ ಸಿಮೆಂಟು: ಹರಿಯುವ ಹೊತ್ತು, ಗಟ್ಟಿಯಾಗುವ ಹೊತ್ತು

ಸಿಮೆಂಟು ಎಂದೊಡನೆ ಕಣ್ಣೆದುರು ನಿಲ್ಲುವುದು ಗೋಡೆ, ಸೇತುವೆ, ತಾರಸಿಗಳು. ಕಲ್ಯಾಣದಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿನತ್ತ ಹೊರಡುವ ಕನ್ನಡಿಗರಿಗೆ ಶಹಾಬಾದ್, ವಾಡಿಗಳ ಹೆಸರು ಕೇಳಿದರೆ ಸುಣ್ಣಕಲ್ಲು ಮತ್ತು ಸಿಮೆಂಟು ನೆನಪಾಗುವುದು ಸಹಜ. ಆದರೆ ನೆಲದಡಿ ಸಾವಿರಾರು ಅಡಿಗಳ ಆಳದಲ್ಲಿ, ಯಾರ ಕಣ್ಣಿಗೂ ಬೀಳದೆ ದುಡಿಯುವ ಸಿಮೆಂಟೂ ಒಂದುಂಟು. ವಿಠ್ಠಲವಾಡಿ, ಉಲ್ಲಾಸನಗರ, ಡೊಂಬಿವಲಿಗಳ ಅಡುಗೆಮನೆಯ ಅನಿಲಕ್ಕೂ ಅದಕ್ಕೂ ನಿಕಟವಾದ ನಂಟಿದೆ.

1974ರ ಫೆಬ್ರವರಿಯಲ್ಲಿ ‘ಸಾಗರ ಸಮ್ರಾಟ’ ಎಂಬ ಕೊರೆಯುವ ನೌಕೆಯು ಮುಂಬಯಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿ ತೈಲವನ್ನು ಕಂಡುಹಿಡಿಯಿತು. 1976ರ ಮೇ ತಿಂಗಳಲ್ಲಿ ಅಲ್ಲಿಂದ ಉತ್ಪಾದನೆ ಮೊದಲಾಯಿತು. ಇದೇ ‘ಬಾಂಬೆ ಹೈ’, ಇಂದಿನ ‘ಮುಂಬಯಿ ಹೈ’. ತೀರದಿಂದ ಸುಮಾರು 160 ಕಿಲೋಮೀಟರು ದೂರದ ಈ ಕ್ಷೇತ್ರದಲ್ಲಿ ಸಮುದ್ರದ ಆಳ ಸುಮಾರು 75 ಮೀಟರು. ತೈಲ ಅಡಗಿರುವುದು ಅದರ ಕೆಳಗಿನ ಸುಣ್ಣಕಲ್ಲಿನ ಪದರಗಳಲ್ಲಿ. ಅಲ್ಲಿನ ಅನಿಲವು ಕೊಳವೆಗಳ ಮೂಲಕ ಉರಣಕ್ಕೆ ಬಂದು, ಅದರಿಂದ ಅಡುಗೆ ಅನಿಲವು ಬೇರ್ಪಡುತ್ತದೆ.

ಬಾವಿಯನ್ನು ಕೊರೆದ ಮೇಲೆ ಅದರೊಳಗೆ ಉಕ್ಕಿನ ಕೊಳವೆಯನ್ನು ಇಳಿಸುತ್ತಾರೆ. ಕೊಳವೆಗೂ ಸುತ್ತಲಿನ ಬಂಡೆಗೂ ನಡುವೆ ಬಳೆಯಾಕಾರದ ಕಿರಿದಾದ ತೆರವು ಉಳಿಯುತ್ತದೆ. ಸಿಮೆಂಟಿನ ರಾಡಿಯನ್ನು ಕೊಳವೆಯೊಳಗಿನಿಂದ ಕೆಳಕ್ಕೆ ತಳ್ಳಿದರೆ ಅದು ತಳದಲ್ಲಿ ಹೊರಬಂದು ಈ ತೆರವಿನಲ್ಲಿ ಮೇಲಕ್ಕೇರುತ್ತದೆ. ಕೊಳವೆಯನ್ನು ಬಿಗಿಯಾಗಿ ಹಿಡಿಯುವುದು, ಒಂದು ಪದರದ ನೀರು, ತೈಲ, ಅನಿಲಗಳು ಮತ್ತೊಂದು ಪದರಕ್ಕೆ ನುಸುಳದಂತೆ ತಡೆಯುವುದು, ಉಕ್ಕನ್ನು ತುಕ್ಕಿನಿಂದ ಕಾಪಾಡುವುದು ಇದರ ಕರ್ತವ್ಯಗಳು.

ಹರಿವಿನ ಸ್ವಭಾವ

ನೀರು ಎಷ್ಟು ಅಲ್ಪ ಒತ್ತಡಕ್ಕೂ ಹರಿಯುತ್ತದೆ. ಸಿಮೆಂಟಿನ ರಾಡಿ ಹಾಗಲ್ಲ. ಒಂದು ಕನಿಷ್ಠ ಒತ್ತಡವನ್ನು ಮೀರಿದ ಮೇಲಷ್ಟೇ ಅದು ಚಲಿಸತೊಡಗುತ್ತದೆ. ರುಬ್ಬಿಟ್ಟ ದೋಸೆ ಹಿಟ್ಟು ಪಾತ್ರೆಯಲ್ಲಿ ಸುಮ್ಮನೆ ಕುಳಿತಿದ್ದು, ಸೌಟಿನಿಂದ ಕದಡಿದೊಡನೆ ಸಡಿಲವಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಇಂಥ ದ್ರವಗಳ ಚಲನೆಯನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಯೂಜೀನ್ ಬಿಂಗ್‌ಹ್ಯಾಮ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿತಕ್ಕೆ ಒಳಪಡಿಸಿದನು. ಚಲನೆ ಮೊದಲಾಗಲು ಬೇಕಾದ ಒತ್ತಡ ಮತ್ತು ಚಲಿಸುವಾಗಿನ ಸ್ನಿಗ್ಧತೆ ಎಂಬ ಎರಡು ಅಂಕಿಗಳಿಂದ ಆತನ ನಿಯಮವು ರಾಡಿಯ ಗುಣವನ್ನು ತಿಳಿಸುತ್ತದೆ. ಒಂದರೊಳಗೊಂದು ನಿಂತ ಎರಡು ಉರುಳೆಗಳ ನಡುವೆ ರಾಡಿಯನ್ನು ತುಂಬಿ, ಹೊರಗಿನದನ್ನು ನಿಮಿಷಕ್ಕೆ 300, 200, 100 ಸುತ್ತುಗಳಂತೆ ತಿರುಗಿಸಿ, ಒಳಗಿನದರ ಮೇಲೆ ಬೀಳುವ ಎಳೆತದಿಂದ ಈ ಅಂಕಿಗಳನ್ನು ಪಡೆಯುತ್ತಾರೆ.

ರಾಡಿ ಅತಿಯಾಗಿ ಮಂದವಾದರೆ ಅದನ್ನು ತಳ್ಳುವ ಒತ್ತಡವು ಹೆಚ್ಚಿ ಬಂಡೆ ಸೀಳುತ್ತದೆ. ರಾಡಿ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಅತಿಯಾಗಿ ತೆಳುವಾದರೆ ಕಣಗಳು ಕೆಳಕ್ಕೆ ಕುಳಿತು ನೀರು ಮೇಲೆ ಬೇರ್ಪಡುತ್ತದೆ. ಓರೆಯಾದ ಬಾವಿಯಲ್ಲಿ ಆ ನೀರೇ ಅನಿಲಕ್ಕೆ ಕಾಲುವೆಯಾಗುತ್ತದೆ. ಕೊಳವೆಯು ನಡುವಿನಲ್ಲಿ ನಿಲ್ಲದೆ ಒಂದು ಪಕ್ಕಕ್ಕೆ ಒರಗಿದರೂ ತೊಡಕೇ. ಆಗ ರಾಡಿ ಅಗಲವಾದ ಕಡೆಯಿಂದ ಸಾಗಿ, ಇಕ್ಕಟ್ಟಿನ ಕಡೆ ಕೊರೆಯುವಾಗಿನ ಕೆಸರು ಹಾಗೆಯೇ ಉಳಿಯುತ್ತದೆ.

ಕಾಲದ ಲೆಕ್ಕ

ಆಳಕ್ಕೆ ಹೋದಂತೆ ಶಾಖವೂ ಒತ್ತಡವೂ ಏರುತ್ತವೆ. ಶಾಖದಲ್ಲಿ ಸಿಮೆಂಟು ಬೇಗನೆ ಗಟ್ಟಿಯಾಗುತ್ತದೆ. ತೈಲಬಾವಿಗಳಲ್ಲಿ ಬಹುವಾಗಿ ಬಳಸುವ ‘ಜಿ’ ವರ್ಗದ ಸಿಮೆಂಟಿನ ಪರೀಕ್ಷೆಯಲ್ಲಿ 100 ಕಿಲೋಗ್ರಾಂ ಸಿಮೆಂಟಿಗೆ 44 ಕಿಲೋಗ್ರಾಂ ನೀರನ್ನು ಬೆರೆಸುತ್ತಾರೆ. 52 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾಯುಮಂಡಲದ ಸುಮಾರು 350 ಪಟ್ಟು ಒತ್ತಡದಲ್ಲಿ ಆ ರಾಡಿಯು 90ರಿಂದ 120 ನಿಮಿಷಗಳೊಳಗೆ ಮಂದವಾಗಬೇಕೆಂಬುದು ನಿಯಮ. ಇನ್ನೂ ಆಳವಾದ ಬಾವಿಗಳಿಗೆ ಈ ಅವಧಿ ಸಾಲದಾದ್ದರಿಂದ, ಮರದ ತಿರುಳಿನಿಂದ ದೊರೆಯುವ ಲಿಗ್ನೋಸಲ್ಫೋನೇಟಿನಂಥ ಪದಾರ್ಥಗಳನ್ನು ಬೆರೆಸಿ ಗಟ್ಟಿಯಾಗುವುದನ್ನು ತಡಮಾಡುತ್ತಾರೆ. ಮನೆಯ ಸಕ್ಕರೆಗೂ ಅತ್ಯಲ್ಪ ಪ್ರಮಾಣದಲ್ಲಿಯೇ ಈ ಶಕ್ತಿ ಉಂಟೆಂಬುದು ಕುತೂಹಲಕರ.

ನಿಜವಾದ ಅಪಾಯವಿರುವುದು ತಳ್ಳುವುದನ್ನು ನಿಲ್ಲಿಸಿದ ಮೇಲೆ. ನಿಂತ ರಾಡಿ ಹೆಪ್ಪುಗಟ್ಟತೊಡಗಿ ಬಂಡೆಯನ್ನೂ ಕೊಳವೆಯನ್ನೂ ಕಚ್ಚಿಕೊಳ್ಳುತ್ತದೆ. ಆಗ ಅದರ ಭಾರ ಪೂರ್ಣವಾಗಿ ಕೆಳಕ್ಕೆ ಬೀಳುವುದಿಲ್ಲ. ಅನಿಲವನ್ನು ತಡೆಯುವಷ್ಟು ಗಟ್ಟಿತನವೂ ಇನ್ನೂ ಬಂದಿರುವುದಿಲ್ಲ. ಈ ಸಂಧಿಕಾಲದಲ್ಲಿ ಅನಿಲವು ರಾಡಿಯೊಳಗೆ ನುಗ್ಗಬಲ್ಲದು. ಆದುದರಿಂದ ಇದು ಎಷ್ಟು ಕಿರಿದಾದರೆ ಅಷ್ಟು ಕ್ಷೇಮ.

ಸಿಮೆಂಟು ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕೊಂಡೋ ಬಾವಿಯಲ್ಲಿ ಜರುಗಿದ ಸ್ಫೋಟವೇ ಸಾಕ್ಷಿ. ಅಲ್ಲಿ 11 ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಬಾವಿಯ ತಳದ ಸಿಮೆಂಟು ತೈಲ, ಅನಿಲಗಳನ್ನು ತಡೆಯಲಿಲ್ಲವೆಂದು ತನಿಖಾ ಆಯೋಗವು ಕಂಡುಕೊಂಡಿತು. ಸಾರಜನಕದಿಂದ ನೊರೆಗೊಳಿಸಿದ ಆ ರಾಡಿಯು ಸ್ಥಿರವಾಗಿಲ್ಲವೆಂದು ಪ್ರಯೋಗಶಾಲೆಯ ಪರೀಕ್ಷೆಗಳು ಮುಂಚಿತವಾಗಿಯೇ ಸೂಚಿಸಿದ್ದವು. ಅಳತೆ ಇತ್ತು, ಅದಕ್ಕೆ ಕಿವಿಗೊಡುವವರಿರಲಿಲ್ಲ.

ದೇಹದಲ್ಲಿಯೂ ಇದೇ ನಿಯಮ

ಮಾನವನ ರಕ್ತವೂ ಇದೇ ಕುಲಕ್ಕೆ ಸೇರಿದ ದ್ರವ. ವೇಗವಾಗಿ ಹರಿಯುವಾಗ ಕೆಂಪುಕಣಗಳು ಬಿಡಿಬಿಡಿಯಾಗಿ ರಕ್ತ ತೆಳುವಾಗುತ್ತದೆ. ಹರಿವು ಮಂದವಾದರೆ ಅವು ನಾಣ್ಯಗಳ ಸಾಲಿನಂತೆ ಒಂದಕ್ಕೊಂದು ಅಂಟಿ ರಕ್ತವು ದಪ್ಪಗಾಗುತ್ತದೆ. ದೀರ್ಘಕಾಲ ಕುಳಿತೇ ಇರುವವರು ನಡುನಡುವೆ ಎದ್ದು ನಡೆದಾಡಬೇಕೆಂಬ ವೈದ್ಯರ ಸಲಹೆಯ ಹಿಂದೆ, ಕಾಲಿನ ರಕ್ತನಾಳಗಳಲ್ಲಿ ಹರಿವು ನಿಂತಂತಾಗಬಾರದೆಂಬ ಕಾಳಜಿಯಿದೆ.

ಸಿಮೆಂಟಿನೊಡನೆ ಕೆಲಸಮಾಡುವವರು, ಬಾವಿಯ ಮೇಲಿರಲಿ, ಕಟ್ಟಡದ ಮೇಲಿರಲಿ, ಕೆಲವು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ಹಸಿ ಸಿಮೆಂಟು ತೀವ್ರವಾದ ಕ್ಷಾರ. ಬಟ್ಟೆ ಅಥವಾ ಬೂಟಿನೊಳಗೆ ಉಳಿದರೆ ನೋವು ಕಾಣಿಸುವ ಮೊದಲೇ ಚರ್ಮವನ್ನು ಸುಡಬಲ್ಲದು. ಅದರಲ್ಲಿನ ಕ್ರೋಮಿಯಂ ಅಂಶದಿಂದ ಕೆಲವರಿಗೆ ಬಿಡದ ಕಜ್ಜಿ ಬರುವುದುಂಟು. ಅತಿ ಶಾಖದ ಬಾವಿಗಳ ಸಿಮೆಂಟಿಗೆ ಬೆರೆಸುವ ಸಿಲಿಕಾ ಪುಡಿಯ ಧೂಳು ವರ್ಷಾನುಗಟ್ಟಲೆ ಉಸಿರಿನೊಡನೆ ಸೇರಿದರೆ ಶ್ವಾಸಕೋಶಗಳು ಗಡುಸಾಗುತ್ತವೆ. ನೀರು ಇಳಿಯದ ಕೈಗವಸು ಮತ್ತು ಬೂಟು, ಕಣ್ಣಿಗೆ ಕನ್ನಡಕ, ತಕ್ಕ ಮುಖವಾಡ ಇರಲೇಬೇಕು. ಮೈಗೆ ತಾಗಿದರೆ ಕೂಡಲೇ ಧಾರಾಳವಾದ ಶುದ್ಧ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಒಲೆ ಹೊತ್ತಿಸುವವರಿಗೆ ಈ ಸಿಮೆಂಟು ಎಂದೂ ಕಾಣುವುದಿಲ್ಲ. ಆದರೂ ಆ ನೀಲಿ ಜ್ವಾಲೆಯ ಹಿಂದೆ, ರಾಡಿ ಎಷ್ಟು ಹೊತ್ತು ಹರಿಯಬೇಕು, ಯಾವಾಗ ನಿಲ್ಲಬೇಕೆಂದು ತಾಳ್ಮೆಯಿಂದ ಅಳೆದವರ ಶ್ರಮವಿದೆಯೆಂಬುದನ್ನು ಮರೆಯಲಾಗದು.