ಹೊಸ್ತಿಲಲ್ಲಿ ಒಂದು ನಿಮಿಷ ನಿಲ್ಲು, ಮಗಳೇ

ತರಬೇತಿ ಮುಗಿಸಿ ಠಾಣೆಗೆ ಹೊರಟಿದ್ದೀಯ. ಕಾನೂನು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿನ್ನ ದೊಡ್ಡಪ್ಪ ಸಿಆರ್‌ಪಿಸಿ ಕಾಲದವನು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಎಫ್‌ಐಆರ್‌ನ 154 ಈಗ 173, ಶವ ಪಂಚನಾಮೆಯ 174 ಈಗ 194. ಸೆಕ್ಷನ್ನುಗಳನ್ನು ನಾನು ಹೇಳಿಕೊಡುವ ಹಾಗಿಲ್ಲ. ಕೊಲೆಯಾದ ಮನೆಯ ಬಾಗಿಲಿಗೆ ಹೋಗಿ ನಿಂತಾಗ ಮೊದಲ ಅರ್ಧ ಗಂಟೆ ಹೇಗಿರಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ಎಷ್ಟೋ ಕೇಸುಗಳು ನ್ಯಾಯಾಲಯದಲ್ಲಿ ಬಿದ್ದುಹೋಗುವುದು ಆ ಅರ್ಧ ಗಂಟೆಯಲ್ಲೇ.

ಎಲ್ಲಕ್ಕಿಂತ ಮೊದಲು ಜೀವ. ಬಿದ್ದವರಲ್ಲಿ ಉಸಿರಿದೆಯೇ ನೋಡು. ಇದ್ದರೆ ಮಹಜರು, ಫೋಟೋ, ಬೆರಳಚ್ಚು ಎಲ್ಲ ಆಮೇಲೆ. ಆಂಬುಲೆನ್ಸ್ ತಡವಾಗುತ್ತದೆ ಅನ್ನಿಸಿದರೆ ಜೀಪಿನಲ್ಲೇ ಕರೆದುಕೊಂಡು ಹೋಗು. ಜೊತೆಗೆ ಒಬ್ಬ ಪೇದೆಯನ್ನು ಕಳಿಸು. ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸುವಾಗ ಚಾಕು ಹೊಕ್ಕ ತೂತಿನ ಮೇಲೆ ಕತ್ತರಿ ಹೋಗದಂತೆ ಅವನು ವಿನಂತಿಸಲಿ, ಆ ಬಟ್ಟೆ ಕಸದ ಬುಟ್ಟಿಗೆ ಬೀಳದಂತೆ ನೋಡಿಕೊಳ್ಳಲಿ.

ಜೀವವಿಲ್ಲ ಎಂದು ಖಚಿತವಾದರೆ ಹೊಸ್ತಿಲಿಗೆ ವಾಪಸ್ ಬಾ. ಅಲ್ಲೇ ನಿಂತು ಕಣ್ಣಾಡಿಸು. ದೀಪ ಉರಿಯುತ್ತಿದೆಯೇ, ಫ್ಯಾನ್ ತಿರುಗುತ್ತಿದೆಯೇ, ಚಿಲಕ ಒಳಗಿನಿಂದ ಬಿದ್ದಿತ್ತೋ ಹೊರಗಿನಿಂದಲೋ, ಒಲೆಯ ಮೇಲಿನ ಪಾತ್ರೆ ಇನ್ನೂ ಬಿಸಿಯೋ, ಬೆಳಗಿನ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದೆಯೋ. ವಾಸನೆ ಏನಾದರೂ ಬಂದರೆ ಅದನ್ನೇ ಮೊದಲು ಬರೆದುಕೊ. ನಾಲ್ಕು ಜನ ಒಳಗೆ ಓಡಾಡಿದರೆ ವಾಸನೆ ಉಳಿಯುವುದಿಲ್ಲ, ಅದನ್ನು ಫೋಟೋ ಹಿಡಿಯುವುದಕ್ಕೂ ಬರುವುದಿಲ್ಲ. ಗಂಟೆ ಎಷ್ಟಾಗಿತ್ತು ಅನ್ನುವುದೂ ಪುಸ್ತಕದಲ್ಲಿರಲಿ.

ಆಮೇಲೆ ಹಗ್ಗ ಕಟ್ಟಿಸು. ಶವ ಬಿದ್ದ ಕೋಣೆಗೆ ಮಾತ್ರ ಕಟ್ಟಿದರೆ ಸಾಲದು. ಹಿತ್ತಿಲು, ಮೆಟ್ಟಿಲು, ಬಚ್ಚಲು, ಕಾಂಪೌಂಡಿನ ಹೊರಗಿನ ಚರಂಡಿಯವರೆಗೂ ಹಿಡಿ. ದೊಡ್ಡದಾಗಿ ಹಿಡಿದದ್ದನ್ನು ಆಮೇಲೆ ಚಿಕ್ಕದು ಮಾಡಬಹುದು. ಜನ ತುಳಿದ ಜಾಗವನ್ನು ಆಮೇಲೆ ಸೇರಿಸಿಕೊಂಡು ಪ್ರಯೋಜನವಿಲ್ಲ. ಒಳಗೆ ಹೋಗಿ ಬರಲು ಗೋಡೆಯ ಪಕ್ಕದಲ್ಲಿ ಒಂದೇ ದಾರಿ ಗುರುತು ಮಾಡು. ಬಾಗಿಲಲ್ಲಿ ಒಬ್ಬ ಪೇದೆ ಪುಸ್ತಕ ಹಿಡಿದು ನಿಲ್ಲಲಿ. ಯಾರು ಬಂದರು, ಎಷ್ಟು ಹೊತ್ತಿಗೆ, ಯಾಕೆ ಬಂದರು, ಯಾವಾಗ ಹೋದರು, ಎಲ್ಲವೂ ಅದರಲ್ಲಿ ಬರಲಿ. ಮೊದಲು ಕಂಡವರನ್ನು ಬೇರೆ ಬೇರೆ ಕೂರಿಸು. ಒಟ್ಟಿಗೆ ಬಿಟ್ಟರೆ ಒಂದು ಗಂಟೆಯೊಳಗೆ ಎಲ್ಲರ ಬಾಯಲ್ಲೂ ಒಂದೇ ಕಥೆ ಇರುತ್ತದೆ.

ಈ ಹಗ್ಗ ನಿನ್ನ ಮೇಲಧಿಕಾರಿಗಳಿಗೂ ಅನ್ವಯಿಸುತ್ತದೆ ಕಣಮ್ಮ. ಡಿವೈಎಸ್‌ಪಿ ಬರುತ್ತಾರೆ, ಎಸ್‌ಪಿ ಬರುತ್ತಾರೆ, ಹಿಂದೆಯೇ ಶಾಸಕರು, ಅವರ ಹಿಂದೆ ಕ್ಯಾಮೆರಾ ಹಿಡಿದವರು. ಎದುರು ಮಾತಾಡು ಎಂದು ಹೇಳುತ್ತಿಲ್ಲ. ಸೆಲ್ಯೂಟ್ ಹೊಡೆದು, "ಸರ್, ವಿಧಿವಿಜ್ಞಾನದವರು ಇನ್ನೂ ಒಳಗಿದ್ದಾರೆ, ಫೋಟೋ ಮುಗಿದ ತಕ್ಷಣ ತೋರಿಸುತ್ತೇನೆ" ಅನ್ನು. ಒಳ್ಳೆಯ ಅಧಿಕಾರಿ ಅಲ್ಲೇ ನಿಲ್ಲುತ್ತಾರೆ. ಕೇಳದೆ ಒಳಗೆ ಹೋದರೆ ಅವರ ಹೆಸರೂ ಪುಸ್ತಕಕ್ಕೆ ಬರಲಿ.

2008ರ ನೋಯ್ಡಾದ ಜೋಡಿ ಕೊಲೆ ಪ್ರಕರಣವನ್ನು ಓದಿಕೊ. ಹುಡುಗಿಯೊಬ್ಬಳ ಶವ ಅವಳ ಕೋಣೆಯಲ್ಲಿ ಸಿಕ್ಕಿತು. ಮನೆಕೆಲಸದವನು ಕಾಣಲಿಲ್ಲ, ಹಾಗಾಗಿ ಅವನೇ ಕೊಂದು ಓಡಿಹೋದ ಎಂದು ಪೊಲೀಸರು ತೀರ್ಮಾನಕ್ಕೆ ಬಂದರು. ನೆರೆಯವರು, ಪರಿಚಿತರು, ವರದಿಗಾರರು ಮನೆ ತುಂಬಾ ಓಡಾಡಿದರು. ತಾರಸಿಯ ಬಾಗಿಲಿಗೆ ಬೀಗವಿತ್ತು, ಆ ದಿನ ಯಾರೂ ಅದನ್ನು ತೆರೆಸಲಿಲ್ಲ. ಮರುದಿನ ತೆರೆಸಿದಾಗ ಅಲ್ಲಿ ಸಿಕ್ಕಿದ್ದು ಅದೇ ಕೆಲಸದವನ ಶವ. ಕೊಲೆಯಾಗಿ ಬಿದ್ದಿದ್ದ ಮನುಷ್ಯ ಒಂದು ಇಡೀ ದಿನ ದೇಶದ ಕಣ್ಣಿಗೆ ಕೊಲೆಗಾರನಾಗಿದ್ದ. 2013ರಲ್ಲಿ ಹುಡುಗಿಯ ತಂದೆತಾಯಿಗೆ ಶಿಕ್ಷೆಯಾಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಒಂಬತ್ತು ವರ್ಷ ಕಳೆದರೂ ಕೊಂದವರು ಯಾರೆಂದು ಸಾಬೀತಾಗಲಿಲ್ಲ. ಸ್ಥಳವನ್ನು ಕಾಯುವುದು ಅಪರಾಧಿಯನ್ನು ಹಿಡಿಯಲು ಮಾತ್ರ ಎಂದುಕೊಳ್ಳಬೇಡ. ತಪ್ಪು ಮಾಡದವನ ಹೆಗಲಿಗೆ ಹೊರೆ ಬೀಳದಿರಲಿ ಎಂದೂ ಕಾಯಬೇಕು. ಮನಸ್ಸಿಗೆ ಮೊದಲು ಹೊಳೆದ ಕಥೆಯನ್ನು ಬಾಯಿ ಬಿಟ್ಟು ಹೇಳಬೇಡ, ನಿನ್ನ ಹೆಡ್ ಕಾನ್‌ಸ್ಟೆಬಲ್‌ಗೂ ಹೇಳಬೇಡ. ಹೇಳಿದರೆ ಎಲ್ಲರೂ ಅದಕ್ಕೆ ಹೊಂದುವುದನ್ನೇ ಹುಡುಕತೊಡಗುತ್ತಾರೆ.

ಹಳ್ಳಿಯಲ್ಲಿ ನಿನಗೆ ಹೆಚ್ಚಾಗಿ ಬರುವುದು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ, ಅದರಲ್ಲೂ ನೇಣಿನದು. ನೀನು ಹೋಗುವಷ್ಟರಲ್ಲಿ ದೇಹವನ್ನು ಇಳಿಸಿ ಜಗಲಿಯ ಮೇಲೆ ಮಲಗಿಸಿರುತ್ತಾರೆ. ತಲೆಯ ಬಳಿ ದೀಪ ಹಚ್ಚಿರುತ್ತಾರೆ, ಮುಖ ಒರೆಸಿರುತ್ತಾರೆ, ಯಾರೋ ಕುಂಕುಮ ಇಟ್ಟಿರುತ್ತಾರೆ. ಬೈಯಬೇಡ. ಜೀವ ಇರಬಹುದೆಂಬ ಆಸೆಯಿಂದ ಇಳಿಸಿರುತ್ತಾರೆ. ಯಾರು ಇಳಿಸಿದರು, ಯಾವ ಕಡೆ ಕತ್ತರಿಸಿದರು, ಕತ್ತರಿಸಿದ ಕುಡುಗೋಲು ಎಲ್ಲಿದೆ ಎಂದು ಮೆಲ್ಲಗೆ ಕೇಳು, ಹೇಳಿದ್ದನ್ನು ಹೇಳಿದ ಹಾಗೆ ಬರೆ. ಇನ್ನೂ ಇಳಿಸಿರದಿದ್ದರೆ ಗಂಟನ್ನು ಬಿಚ್ಚಿಸಬೇಡ. ಗಂಟಿನಿಂದ ದೂರ ಕತ್ತರಿಸಿ, ಕತ್ತರಿಸಿದ ಎರಡು ತುದಿಗೂ ದಾರ ಕಟ್ಟಿ ಗುರುತು ಮಾಡಿಸು. ಜಂತೆಯ ಮೇಲಿನ ಧೂಳು ಹೇಗೆ ಸರಿದಿದೆ, ಪಾದಕ್ಕೂ ನೆಲಕ್ಕೂ ಎಷ್ಟು ಅಂತರ, ಪಕ್ಕದಲ್ಲಿ ಬಿದ್ದ ಸ್ಟೂಲಿನ ಎತ್ತರ ಆ ಅಂತರಕ್ಕೆ ತಾಳೆಯಾಗುತ್ತದೆಯೇ ಎಂದು ಟೇಪ್ ಹಿಡಿದು ಅಳೆ. ಸತ್ತವಳು ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳಾದರೆ ತಹಶೀಲ್ದಾರರಿಗೆ ತಿಳಿಸಿ ಅವರು ಬರುವವರೆಗೆ ಕಾಯಬೇಕು. ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕೆಂದು ಗಂಡನ ಮನೆಯವರು ಅವಸರ ಮಾಡುತ್ತಾರೆ, ಊರಿನ ಹಿರಿಯರನ್ನೂ ಕರೆತರುತ್ತಾರೆ. ಅಲ್ಲಿ ಆ ಹುಡುಗಿಯ ಪರವಾಗಿ ನಿಂತವಳು ನೀನೊಬ್ಬಳೇ ಇರಬಹುದು. ಗಟ್ಟಿಯಾಗಿ ನಿಲ್ಲು.

ಕೊಲೆಯಾದ ಮನೆಗಳಲ್ಲಿ ಇನ್ನೊಂದು ಕಾಣುತ್ತೀಯ. ಹೆಂಗಸರು ಬಕೆಟ್ಟು, ಬಟ್ಟೆ ಹಿಡಿದು ನೆಲ ಒರೆಸತೊಡಗಿರುತ್ತಾರೆ. ಸಾಕ್ಷ್ಯ ನಾಶ ಎಂಬ ಅನುಮಾನ ಮನಸ್ಸಿನಲ್ಲಿರಲಿ, ಮಾತಿನಲ್ಲಿ ಬೇಡ. ಮಗನ ರಕ್ತವನ್ನು ನೆಲದ ಮೇಲೆ ನೋಡಲಾರದೆ ಒರೆಸುವ ತಾಯಂದಿರೇ ಹೆಚ್ಚು. "ಅಮ್ಮಾ, ಸ್ವಲ್ಪ ಹೊತ್ತು ಹಾಗೇ ಇರಲಿ, ನಿಮ್ಮ ಮಗನಿಗೋಸ್ಕರ ಕೇಳ್ತಿದ್ದೀನಿ" ಅಂದರೆ ಬಟ್ಟೆ ಕೆಳಗಿಡುತ್ತಾರೆ. ಒರೆಸಿದ ಬಟ್ಟೆ, ಬಕೆಟ್ಟಿನ ನೀರು ಎರಡನ್ನೂ ತೆಗೆದಿಡು.

ಈಗ 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಸಂಹಿತೆಯ 176(3) ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಸೋಕೋ, ಅಂದರೆ ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿಗಳಿದ್ದಾರೆ. ಅವರು ಬರುವವರೆಗೆ ನಿನ್ನ ಕೆಲಸ ಕಾಯುವುದು. ಆದರೆ ಮಳೆ ಶುರುವಾಗುತ್ತದೆ, ಅಂಗಳದಲ್ಲಿ ಹೆಜ್ಜೆ ಗುರುತಿದೆ ಅನ್ನು, ಆಗ ಬೋಗುಣಿಯೋ ಪುಟ್ಟಿಯೋ ಬೋರಲು ಹಾಕಿ ಕಾಪಾಡಬೇಕು. ಚಾಕುವನ್ನು ಕರ್ಚೀಫಿನಲ್ಲಿ ಎತ್ತುವುದು ಸಿನಿಮಾದಲ್ಲಿ ಮಾತ್ರ. ಹಾಗೆ ಎತ್ತಿದರೆ ಬೆರಳಚ್ಚು ಕರ್ಚೀಫಿಗೇ ಒರೆಸಿಹೋಗುತ್ತದೆ. ರಕ್ತದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕು. ಹಸಿಯಾಗಿದ್ದಾಗಲೇ ಪ್ಲಾಸ್ಟಿಕ್ಕಿಗೆ ಹಾಕಿ ಕಟ್ಟಿದರೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಸುಟ್ಟ ಪ್ರಕರಣದಲ್ಲಿ ಇದರ ತದ್ವಿರುದ್ಧ. ಸೀಮೆಎಣ್ಣೆ, ಪೆಟ್ರೋಲ್ ತಾಗಿದ ಬಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲೇ ಮುಚ್ಚಬೇಕು, ಇಲ್ಲದಿದ್ದರೆ ವಿಧಿವಿಜ್ಞಾನ ಪ್ರಯೋಗಾಲಯ ತಲುಪುವಷ್ಟರಲ್ಲಿ ಆವಿಯಾಗಿರುತ್ತದೆ.

ಒಂದು ಚಿಕ್ಕ ವಸ್ತು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರದ್ದು. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ಕಾಡತೂಸುಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಒಂದೇ 7.65 ಎಂ.ಎಂ. ನಾಡಪಿಸ್ತೂಲು ಬಳಕೆಯಾಗಿದೆ ಎಂದು ವರದಿ ಕೊಟ್ಟಿತು. ಅಪರಾಧಿಗಳು ಯಾರೆಂಬುದು ನ್ಯಾಯಾಲಯ ಹೇಳಬೇಕಾದ ಮಾತು. ನಾನು ಹೇಳುವುದು ಇಷ್ಟೇ: ಬೆರಳ ತುದಿಯಷ್ಟಿರುವ ಆ ಹಿತ್ತಾಳೆ ಚೂರು ಧಾರವಾಡದ ಮನೆಯಲ್ಲಿ ಯಾರದೋ ಬೂಟಿಗೆ ಸಿಕ್ಕಿ ಚರಂಡಿ ಸೇರಿದ್ದರೆ, ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಹೋಲಿಸಲು ಏನೂ ಇರುತ್ತಿರಲಿಲ್ಲ. ಅದನ್ನು ಹೆಕ್ಕಿ, ಅರಗಿನ ಮೊಹರು ಹಾಕಿ, ಜೋಪಾನವಾಗಿ ಕಳಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಅವರ ಮೇಲೆ ತುಂಬಾ ಗೌರವ.

ಫೋಟೋ ತೆಗೆಯುವಾಗ ಮೊದಲು ಇಡೀ ಕೋಣೆ, ಆಮೇಲೆ ವಸ್ತು ಮತ್ತು ಅದರ ಸುತ್ತಲ ಜಾಗ, ಕೊನೆಗೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. 2012ರ ದೆಹಲಿ ಬಸ್ ಪ್ರಕರಣದಲ್ಲಿ ಸಂತ್ರಸ್ತೆಯ ಮೈಮೇಲಿದ್ದ ಕಚ್ಚಿದ ಗುರುತುಗಳ ಫೋಟೋಗಳನ್ನು ಆರೋಪಿಗಳ ಹಲ್ಲಿನ ಅಚ್ಚಿನೊಂದಿಗೆ ಹೋಲಿಸಿದ್ದು ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ತಜ್ಞರು. ಅದು ಸುಪ್ರೀಂ ಕೋರ್ಟ್‌ವರೆಗೂ ನಿಂತ ಸಾಕ್ಷ್ಯ. ಅಳತೆ ಗೊತ್ತಾಗದ ಫೋಟೋ ಇಟ್ಟುಕೊಂಡು ಯಾವ ತಜ್ಞರೂ ಅಂಥ ಹೋಲಿಕೆ ಮಾಡಲಾರರು.

ಸಿಸಿಟಿವಿ ಇದ್ದರೆ ಅದೇ ದಿನ ಹೋಗು, ಹಳೆಯದರ ಮೇಲೆ ಹೊಸದು ತುಂಬಿಕೊಳ್ಳುತ್ತಿರುತ್ತದೆ. ಡಿವಿಆರ್‌ನ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಬರೆದುಕೊ. ಸತ್ತವರ ಮೊಬೈಲಿನಲ್ಲಿ ಯಾರೂ ಬೆರಳಾಡಿಸದಿರಲಿ.

ಇನ್ನು ಮಹಜರು. ಸ್ಥಳದಲ್ಲೇ ಕೂತು ಬರೆ. ಠಾಣೆಗೆ ಬಂದು ಹಳೆಯ ಮಹಜರನ್ನು ಮುಂದಿಟ್ಟುಕೊಂಡು ಹೆಸರು ಬದಲಿಸಿ ಬರೆಯುವ ಚಾಳಿ ಇದೆ, ಅದನ್ನು ಯಾರಾದರೂ ಕಲಿಸಲು ಬಂದರೆ ಕಲಿಯಬೇಡ. ಪಂಚರಾಗಿ ಠಾಣೆ ಎದುರಿನ ಟೀ ಅಂಗಡಿಯವನನ್ನೇ ಪ್ರತಿ ಸಲ ಕರೆಯಬೇಡ. ಅವನು ಎಷ್ಟು ಕೇಸಿಗೆ ಸಹಿ ಹಾಕಿದ್ದಾನೆಂದು ವಕೀಲರು ಲೆಕ್ಕ ಇಟ್ಟಿರುತ್ತಾರೆ. ಆ ಓಣಿಯವರನ್ನೇ ಕರೆ, ಬರೆದದ್ದನ್ನು ಓದಿ ಹೇಳು, ಕೇಳಿದ ಮೇಲೆ ಸಹಿ ಹಾಕಿಸು. ಈಗ ಶೋಧನೆ, ಜಪ್ತಿ ಎರಡಕ್ಕೂ ವಿಡಿಯೊ ಕಡ್ಡಾಯ, ಸಮಯವೂ ಜಾಗವೂ ಅದರಲ್ಲೇ ದಾಖಲಾಗುತ್ತವೆ. ನಿಜ ಬರೆಯುವವಳಿಗೆ ಅದು ದೊಡ್ಡ ಬಲ. ನೀನು ಹೋಗುವ ಮೊದಲೇ ಯಾರೋ ಕಿಟಕಿ ಮುಚ್ಚಿದ್ದರೆ ಮುಚ್ಚಿದ್ದರು ಎಂದೇ ಬರೆ. ನಿನ್ನ ಪೇದೆಯೇ ಲೋಟ ಸರಿಸಿದ್ದರೆ ಅದನ್ನೂ ಬರೆ. ಬರೆದ ಲೋಪಕ್ಕೆ ನ್ಯಾಯಾಧೀಶರ ಮುಂದೆ ಉತ್ತರ ಕೊಡಬಹುದು. ಮುಚ್ಚಿಟ್ಟ ಲೋಪ ಪಾಟಿ ಸವಾಲಿನಲ್ಲಿ ಹೊರಬಿತ್ತೆಂದರೆ ನೀನು ಬರೆದ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ.

ಎಲ್ಲ ಮುಗಿದ ಮೇಲೆ ಇನ್ನೊಂದು ಸುತ್ತು ಹಾಕು. ಅಟ್ಟ ಹತ್ತಿ ನೋಡು, ಬೀಗ ಹಾಕಿದ ಬಾಗಿಲು ಯಾವುದಾದರೂ ಉಳಿದಿದ್ದರೆ ತೆಗೆಸು. ಆಮೇಲೆ ಮನೆಯವರನ್ನು ಕರೆದು ಬೀಗದ ಕೈ ಕೊಟ್ಟು, ಇನ್ನು ತೊಳೆಯಬಹುದು ಎಂದು ನೀನೇ ಬಾಯಿಬಿಟ್ಟು ಹೇಳು. ಎಷ್ಟೋ ಮನೆಗಳಲ್ಲಿ ಪೊಲೀಸರು ಏನೂ ಹೇಳದೆ ಹೊರಟುಹೋಗುತ್ತಾರೆ, ಆ ಜನ ಮುಟ್ಟಬಹುದೋ ಬಾರದೋ ತಿಳಿಯದೆ ದಿನಗಟ್ಟಲೆ ಆ ಕೋಣೆಯ ಬಾಗಿಲು ಎಳೆದುಕೊಂಡು ಬದುಕುತ್ತಾರೆ. ತೊಳೆಯಲು ಅವರಿಗೆ ಕೈ ಬಾರದಿದ್ದರೆ ಪಂಚಾಯಿತಿಗೆ ಫೋನ್ ಮಾಡಿ ಇಬ್ಬರನ್ನು ಕಳಿಸಲು ಹೇಳು. ಅವರು ಬರುವುದು ಖಾತ್ರಿಯಾದ ಮೇಲೆ ಜೀಪು ಹತ್ತು.